ಚೇಂಬರಿನ ಬಾಯಿಗೆ ಕುಳಿತ ಚಾಚಾ

ಅವರ ಎಡಗಿವಿಯ ಅಂಚಿಗೆ ಯಾವಾಗ ನೋಡಿದರೂ ತುಕ್ಕಿನ ಕೆಂಪು ಹತ್ತಿರುತ್ತಿತ್ತು. ಗೋಡೆಗುಂಟ ಇಳಿದ ಹಳೆಯ ಕಬ್ಬಿಣದ ಪೈಪಿಗೆ ಕಿವಿಯಾನಿಸಿ ನಿಂತು, ಮೇಲಿನ ಮಹಡಿಯವರಿಗೆ ಒಂದು ಕೊಡ ನೀರು ಸುರಿಯಲು ಕೈಸನ್ನೆ ಮಾಡಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನೀರು ಇಳಿಯುವ ಸದ್ದನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ಎರಡು ಹೆಜ್ಜೆ ಸರಿದು, ನೆಲದ ಮೇಲೆ ಹಿಮ್ಮಡಿ ಊರಿ, "ಇಲ್ಲಿ ಕುಂತದ ನೋಡ್ರಿ" ಅನ್ನುತ್ತಿದ್ದರು. ಪೈಪು ಕಟ್ಟಿಸಿದ ಗಡ್ಡೆ ಹತ್ತಕ್ಕೆ ಒಂಬತ್ತು ಸಲ ಅಲ್ಲೇ ಕುಳಿತಿರುತ್ತಿತ್ತು.

ನಾನು ಸೇಡಂನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಆಗಿ ಬಂದ ವರ್ಷ ಅವರ ಪರಿಚಯವಾಯಿತು. ಚಿಂಚೋಳಿ ಕಡೆಯಿಂದ, ಚಂದ್ರಂಪಳ್ಳಿ, ತೆಂಗಳಿ ಹೀಗೆ ದೂರದ ಊರುಗಳಿಂದ ಕಾಲೇಜು ಓದಲು ಬಂದ ಎಂಬತ್ತು ಹುಡುಗಿಯರು ಅಲ್ಲಿದ್ದರು. ಕಟ್ಟಡ ಹಳೆಯದು. ಬಚ್ಚಲು, ಪಾಯಖಾನೆ, ಅಡುಗೆಮನೆ ಮೂರರ ನೀರೂ ಹಿತ್ತಲಿನ ಒಂದೇ ಸಾಲಿನ ಚೇಂಬರುಗಳ, ಅಂದರೆ ಮುಚ್ಚಳ ಹಾಕಿದ ಗುಂಡಿಗಳ ಮೂಲಕ ಹೊರಗಿನ ಗಟಾರಕ್ಕೆ ಸೇರಬೇಕಿತ್ತು. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಹೇಗೋ ಸೇರುತ್ತಿತ್ತು. ಚಳಿಗಾಲದಲ್ಲಿ ಮಾತ್ರ ಇಲ್ಲ.

ಹಿಮ ಬೀಳುವ ದೇಶಗಳಲ್ಲಿ ಪೈಪಿನೊಳಗಿನ ನೀರೇ ಗಡ್ಡೆ ಕಟ್ಟುತ್ತದೆಂದು ಕೇಳಿದ್ದೇನೆ. ನಮ್ಮ ಕಡೆ ಅಂಥ ಚಳಿ ಇಲ್ಲ. ಆದರೆ ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಕಲ್ಲಿನ ನೆಲದ ಮೇಲೆ ಬರಿಗಾಲಿಡಲಾಗುವುದಿಲ್ಲ, ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದೆ. ಅದೇ ಸಂಗತಿ ಪೈಪಿನೊಳಗೂ ನಡೆಯುತ್ತದೆಂದು ನನಗೆ ತಿಳಿದಿರಲಿಲ್ಲ. ಎಂಬತ್ತು ತಟ್ಟೆಗಳ ಒಗ್ಗರಣೆ, ಬಾಣಲೆಯ ಉಳಿದ ಎಣ್ಣೆ, ಡಾಲ್ಡಾ, ತಲೆಗೂದಲು, ಸಾಬೂನು ಎಲ್ಲ ಸೇರಿ ತಂಪಿಗೆ ಮೇಣದಂತೆ ಹೆಪ್ಪುಗಟ್ಟುತ್ತಿತ್ತು. ಮೊದಲ ಚಳಿಗಾಲದಲ್ಲಿ ಬಚ್ಚಲಿನ ನೀರು ಹಿಂದಕ್ಕೆ ಉಕ್ಕಿ ಹುಡುಗಿಯರ ಕೋಣೆಯ ಹೊಸ್ತಿಲಿಗೆ ಬಂದಾಗ, ಎದುರಿನ ಕಿರಾಣಿ ಅಂಗಡಿಯವರು, "ವಾಡಿಯಿಂದ ಚಾಚಾನ್ನ ಕರಸ್ರಿ. ಬ್ಯಾರೆ ಯಾರ ಕೈಲೂ ಆಗಂಗಿಲ್ಲ" ಎಂದು ನಂಬರು ಕೊಟ್ಟರು.

ಮರುದಿನ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬಂದಿಳಿದರು. ಅರವತ್ತು ದಾಟಿದ ಸಣಕಲು ಮೈ, ಮಂಡಿಯವರೆಗೆ ಮಡಚಿದ ಪೈಜಾಮ, ಹೆಗಲ ಮೇಲೆ ಸುರುಳಿ ಸುತ್ತಿದ ಬಿದಿರಿನ ಉದ್ದ ಪಟ್ಟಿಗಳು. ಆ ಸುರುಳಿ ಹಿಡಿದುಕೊಂಡು ಚಿತ್ತಾಪುರ ದಾಟಿ ಸೇಡಂವರೆಗೆ ಹೇಗೆ ಕುಳಿತು ಬರುತ್ತೀರಿ ಎಂದು ಕೇಳಿದ್ದೆ. "ಕುಂದ್ರಲಿಕ್ಕೆ ಜಾಗಾ ಭಾಳ ಸಿಗ್ತದ್ರಿ ಬಾಯಾರ. ಇದನ್ನ ನೋಡಿದ್ರ ಮಂದಿ ತಾವ ಸರೀತಾರ" ಎಂದು ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ನಾನು ತಡೆಯಲಾರದೆ ಅಡುಗೆಮನೆಯಲ್ಲಿ ನೀರು ಕುದಿಸಲು ಇಟ್ಟಿದ್ದೆ. ಕುದಿಯುವ ನೀರು ಸುರಿದರೆ ಎಲ್ಲ ಕರಗುತ್ತದೆ ಎಂಬ ಲೆಕ್ಕ. ಅವರು ಬಂದವರೇ ಒಲೆ ಆರಿಸಲು ಹೇಳಿದರು. "ಕುದಿಯೋ ನೀರು ಸುರದ್ರ ನೆಲದಾಗಿನ ಪ್ಲಾಸ್ಟಿಕ್ ಪೈಪು ಸೊಟ್ಟಗಾಗ್ತದ. ಜಿಡ್ಡು ಕರಗಿ ಹತ್ತು ಮಾರು ಮುಂದ ಹೋಗಿ, ತಂಪಾಗಿ ಮತ್ತ ಕೂಡ್ತದ. ಇಲ್ಲಿದ್ದ ರೋಗ ಅಲ್ಲಿಗಿ ಕಳಿಸಿದಂಗ ಆಯ್ತು ಅಷ್ಟ." ಅವರ ಕ್ರಮವೇ ಬೇರೆ. ನೀರು ಹೋಗಬೇಕಾದ ಕೆಳಗಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಬರುತ್ತಿದ್ದರು. ಬಿದಿರಿನ ಪಟ್ಟಿಯನ್ನು ಒಳಗೆ ತೂರಿ, ತಿರುವಿ, ಎಳೆದು, ತುದಿಗೆ ಅಂಟಿಕೊಂಡು ಬಂದದ್ದನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

ಹಾಗೆ ಮುಟ್ಟಿದರೆ ಅವರಿಗೆ ನಮ್ಮ ಊಟದ ಪೂರ್ತಿ ಇತಿಹಾಸ ತಿಳಿಯುತ್ತಿತ್ತು. "ಹೋದ ಐತವಾರ ಪೂರಿ ಮಾಡೀರಿ" ಎಂದು ಅಡುಗೆಯ ಮೌಶಿಯತ್ತ ತಿರುಗಿ ಹೇಳಿದಾಗ ಆಕೆ ಕಂಗಾಲಾದಳು. "ಪೂರಿ ಮಾಡಿದ್ದಕ್ಕ ಸಿಟ್ಟಿಲ್ಲವ್ವಾ. ಬಾಣಲಿ ತೊಳಿಯೋಕಿಂತ ಮೊದಲ ಒಂದ್ ಹಿಡಿ ಬೂದಿ ಹಾಕಿ ಒರಸು. ಬೂದಿ ಗಿಡಕ್ಕ ಹಾಕು. ಪೈಪಿಗಿ ಯಾಕ ಉಣಸ್ತಿ?" ಅಂದಿನಿಂದ ಮೌಶಿ ಬಾಣಲೆ ಒರೆಸತೊಡಗಿದಳು. ನನ್ನ ಮಾತಿಗೆ ಎಂದೂ ಜಗ್ಗದ ಹೆಂಗಸು ಆಕೆ.

ಕೆಲಸ ಮುಗಿದ ಮೇಲೆ ಕೆಂಪು ಸಾಬೂನಿನಿಂದ ಮೊಣಕೈವರೆಗೆ ಮೂರು ಸಲ ತೊಳೆದುಕೊಂಡು, ಚೀಲದಿಂದ ತಮ್ಮದೇ ಸ್ಟೀಲಿನ ಲೋಟ ತೆಗೆದು ಚಹಾಕ್ಕೆ ಚಾಚಿದರು. ಯಾಕೆ ಅಂದೆ. "ನನ್ನ ಗಿಲಾಸ ನಾನ ತಂದ್ರ ನಿಮಗೂ ತ್ರಾಸಿಲ್ಲ, ನನಗೂ ಬೇಜಾರಿಲ್ಲ" ಎಂದರು. ಎಷ್ಟು ಮನೆಗಳಲ್ಲಿ, ಎಷ್ಟು ವರ್ಷ, ಎಂಥೆಂಥ ಲೋಟಗಳನ್ನು ತಮಗೆಂದೇ ಹೊರಗೋಡೆಯ ಮೇಲೆ ಬೇರೆ ಇಟ್ಟದ್ದನ್ನು ನೋಡಿ ಅವರು ಈ ಉಪಾಯ ಕಂಡುಕೊಂಡಿರಬೇಕು ಎಂದು ನನಗೆ ಅನಿಸಿತು. ಮೌಶಿ ಒಳಗೆ ಹೋಗಿ, ನಾನು ಕುಡಿಯುವ ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ ತಂದು ಅವರ ಮುಂದಿಟ್ಟಳು. ಚಾಚಾ ಕಪ್ಪನ್ನು ಒಮ್ಮೆ, ಆಕೆಯನ್ನು ಒಮ್ಮೆ ನೋಡಿ, ತಮ್ಮ ಲೋಟವನ್ನು ಚೀಲದಲ್ಲಿ ಹಾಕಿಕೊಂಡರು.

ಎರಡನೆಯ ಚಳಿಗಾಲದ ಒಂದು ಸಂಗತಿಯನ್ನು ನಾನು ಬೇರೆ ಹಾಸ್ಟೆಲ್ಲುಗಳಿಗೆ ಹೊಸದಾಗಿ ಬರುವ ಪ್ರತಿ ವಾರ್ಡನ್ನಿಗೂ ಹೇಳುತ್ತೇನೆ. ಆ ಸಲ ಬಿದಿರಿನ ತುದಿಗೆ ಸಿಕ್ಕಿ ಬಂದದ್ದು ಜಿಡ್ಡು ಮಾತ್ರವಲ್ಲ, ಹುಡುಗಿಯರು ಮುಟ್ಟಿನ ದಿನಗಳಲ್ಲಿ ಬಳಸಿ ಒಳಗೆ ಬಿಟ್ಟಿದ್ದ ಪ್ಯಾಡುಗಳು. ಮಹಡಿಯ ಕಟಾಂಜನದಿಂದ ನೋಡುತ್ತಿದ್ದ ಹುಡುಗಿಯರು ನಾಚಿಕೆಯಿಂದ ಒಳಗೆ ಓಡಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂದು, ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತೇನೆ ಎಂದು ಮೆಟ್ಟಿಲಿನತ್ತ ಹೊರಟೆ. ಚಾಚಾ ಅವನ್ನೆಲ್ಲ ಒಂದು ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ನನ್ನ ಮುಖ ನೋಡದೆ, ನೆಲ ನೋಡುತ್ತ ಹೇಳಿದರು.

"ಬಾಯಾರ, ಬೈಬ್ಯಾಡ್ರಿ. ಬಚ್ಚಲದಾಗ ಒಂದ್ ಮುಚ್ಚಳದ ಡಬ್ಬಿ ಇಟ್ಟೀರೇನ್ರಿ?"

"ಇಲ್ಲ" ಅಂದೆ.

"ಮತ್ತ ಆ ಕೂಸುಗಳು ಎಲ್ಲಿ ಹಾಕಬೇಕ್ರಿ? ನನ್ನ ಮೂರು ಹೆಣ್ಣುಮಕ್ಕಳನ್ನ ದೊಡ್ಡವರು ಮಾಡೀನಿ. ತಪ್ಪು ಹಾಕಿದವರದಲ್ಲ, ಡಬ್ಬಿ ಇಡದವರದು."

ತಪ್ಪು ನನ್ನದು ಎಂದು ಅಷ್ಟು ಮೆತ್ತಗೆ ನನಗೆ ಯಾರೂ ಹೇಳಿರಲಿಲ್ಲ. ಅದೇ ಸಂಜೆ ಆರು ಡಬ್ಬಿ ತರಿಸಿದೆ. ಮುಂದಿನ ಸಲ ಅವರು ಬಂದಾಗ ಹುಡುಗಿಯರು ಓಡಿಹೋಗಲಿಲ್ಲ. "ಚಾಚಾ, ಚಾ ಕುಡ್ದ್ರೇನ್ರಿ?" ಎಂದು ಮೇಲಿನಿಂದಲೇ ಕೂಗುತ್ತಿದ್ದರು. ಚಿಂಚೋಳಿ ಗಡಿಯ ಹುಡುಗಿಯರು ತೆಲುಗಿನಲ್ಲಿ ಚೇಷ್ಟೆ ಮಾಡಿದರೆ ಅವರೂ ತಮ್ಮ ಹರಕು ತೆಲುಗಿನಲ್ಲಿ ಉತ್ತರ ಕೊಟ್ಟು ಎಲ್ಲರನ್ನೂ ನಗಿಸುತ್ತಿದ್ದರು.

ಈಗ ಹೇಳಬೇಕಾದದ್ದು ಮೂರನೆಯ ಚಳಿಗಾಲದ ಮಾತು. ಅದನ್ನು ಹೇಳುವಾಗ ನನ್ನನ್ನು ಬಚ್ಚಿಟ್ಟುಕೊಳ್ಳಲಾರೆ.

ಸಂಕ್ರಮಣ ಮುಗಿದು ಎರಡು ದಿನವಾಗಿತ್ತು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಂದು ಹಾಸ್ಟೆಲ್ಲಿನಲ್ಲಿ ಹಬ್ಬ ಜೋರಾಗಿ ನಡೆದಿತ್ತು. ಹಬ್ಬಕ್ಕೆಂದು ಬಂದಿದ್ದ ಬಾಡಿಗೆ ಪಾತ್ರೆಗಳನ್ನು ತೊಳೆಯಲು ಹೊರಗಿನವರನ್ನು ಕರೆಸಿದ್ದೆವು. ಅವರಿಗೆ ಬೂದಿಯ ಪಾಠ ಗೊತ್ತಿರಲಿಲ್ಲ. ಅದರ ಮೇಲೆ ಆ ವಾರ ಚಳಿಯೂ ಭಾರಿ. ಮೂರನೆಯ ದಿನ ಬೆಳಿಗ್ಗೆ ಕೆಳಗಿನ ಅಷ್ಟೂ ಪಾಯಖಾನೆಗಳು ತುಂಬಿ ನಿಂತವು. ಹುಡುಗಿಯರಿಗೆ ಪರೀಕ್ಷೆ ಹತ್ತಿರ. ಸಾಲದ್ದಕ್ಕೆ ಮರುದಿನವೇ ಹಾಸ್ಟೆಲ್ಲಿಗೆ ಹೊಸ ಕೋಣೆಗಳನ್ನು ಕಟ್ಟಿಸಿಕೊಡುವ ವಿಚಾರವಿದ್ದ ದಾನಿಗಳು ನೋಡಲು ಬರುವವರಿದ್ದರು. ಚಾಚಾನಿಗೆ ಫೋನು ಮಾಡಿದೆ. ಶಹಾಬಾದಿನಲ್ಲಿ ಮಗಳ ಮನೆಗೆ ಹೋಗಿದ್ದರು. "ಸಿಕ್ಕ ಗಾಡಿಗಿ ಬರ್ತೀನ್ರಿ, ನಾ ಬರೋತನಕ ಯಾರೂ ಏನೂ ಮುಟ್ಟಬ್ಯಾಡ್ರಿ" ಎಂದರು.

ನಮ್ಮ ಸಂಸ್ಥೆಯ ಕಾರ್ಯದರ್ಶಿಗಳಿಗೆ ಕಾಯುವ ತಾಳ್ಮೆ ಇರಲಿಲ್ಲ. ಹತ್ತು ಗಂಟೆಗೆಲ್ಲ ಒಬ್ಬ ಗುತ್ತೇದಾರನನ್ನೂ ಅವನ ಇಬ್ಬರು ಕೂಲಿಯವರನ್ನೂ ಕರೆದುಕೊಂಡು ಬಂದರು. ಹಿತ್ತಲಿನ ದೊಡ್ಡ ಚೇಂಬರಿನ ಮುಚ್ಚಳ ಎತ್ತಿಸಿದರು. ಎರಡಾಳಿನ ಆಳ. ಒಳಗೆ ಮೊಣಕಾಲುದ್ದ ಹೊಲಸು ನಿಂತಿತ್ತು. ಗುತ್ತೇದಾರ, "ಒಬ್ಬ ಇಳದ್ರ ಹತ್ತ ಮಿನಿಟಿನ ಕೆಲಸ. ಅರ್ಧ ಗಂಟೆದಾಗ ಎಲ್ಲಾ ಸಾಫ್" ಎಂದ. ಹಾಗೆ ಮನುಷ್ಯರನ್ನು ಇಳಿಸುವುದು ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು. ಹುಡುಗಿಯರಿಗೆ ಅದರ ಬಗ್ಗೆ ಒಂದು ದಿನ ಪಾಠವನ್ನೂ ಹೇಳಿದ್ದೆ. ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, "ವಾರ್ಡನ್ ಬಾಯಾರ, ಏನಂತೀರಿ? ನಿಮ್ಮ ಹಾಸ್ಟೆಲ್, ನಿಮ್ಮ ಜವಾಬ್ದಾರಿ" ಎಂದರು. ಮೂಗಿಗೆ ಸೆರಗು ಒತ್ತಿಕೊಂಡು ನಿಂತಿದ್ದ ನಾನು, "ಹ್ಞೂಂ, ಲಗೂನ ಇಳಸ್ರಿ" ಎಂದುಬಿಟ್ಟೆ.

ಇಬ್ಬರಲ್ಲಿ ಸ್ವಲ್ಪ ಗಟ್ಟಿಮುಟ್ಟಾಗಿದ್ದವನು ಅಂಗಿ ತೆಗೆದು ಪೇರಲ ಗಿಡದ ಟೊಂಗೆಗೆ ಹಾಕಿದ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಳ್ಳತೊಡಗಿದ.

ಆಗ ಹಿತ್ತಲ ಬಾಗಿಲಿನಿಂದ ಚಾಚಾ ಬಂದರು. ಬಿದಿರಿನ ಸುರುಳಿಯನ್ನು ನೆಲಕ್ಕೆ ಎಸೆದು, ಯಾರನ್ನೂ ಮಾತಾಡಿಸದೆ ನೇರ ಚೇಂಬರಿನ ಬಳಿ ಹೋಗಿ, ಬಗ್ಗದೆ, ದೂರದಿಂದಲೇ ಟಾರ್ಚಿನ ಬೆಳಕು ಬಿಟ್ಟರು. ಬೆಳಕು ಒಳಗೋಡೆಯ ಮೇಲೆ ನಿಧಾನವಾಗಿ ಒಂದು ಸುತ್ತು ಹಾಕಿತು. ಆಮೇಲೆ ಹಿಂದೆ ಸರಿದು, ಗೋಡೆಗೆ ಒರಗಿಸಿದ್ದ ಮುಚ್ಚಳವನ್ನು ಬಾಯಿಗೆ ಅಡ್ಡವಾಗಿ ಅರ್ಧ ಎಳೆದು, ಗಾಳಿಗೆ ಬೆನ್ನು ಕೊಟ್ಟು ಅದರ ಮೇಲೆ ಕುಳಿತುಬಿಟ್ಟರು.

"ಯಾರೂ ಇಳಿಯಂಗಿಲ್ರಿ."

ಕಾರ್ಯದರ್ಶಿಗಳು ಕೆಂಡವಾದರು. "ಏ ಚಾಚಾ, ಏಳು ಮ್ಯಾಲ. ನಾಳೆ ಮಂದಿ ಬರಾಕತ್ಯಾರ. ನೀ ಏನು ನಮಗ ಕಾನೂನು ಹೇಳ್ತಿ?"

"ಕಾನೂನು ನಿಮಗ ಗೊತ್ತದ್ರಿ ಸಾಹೇಬ್ರ. ನನಗ ಜಿರಳಿ ಗೊತ್ತದ. ಮುಚ್ಚಳ ತೆಗದ್ರ ಜಿರಳಿ ಓಡಬೇಕು. ಒಂದೂ ಓಡಿಲ್ಲ. ಎಲ್ಲಾ ಅಂಗಾತ ಬಿದ್ದಾವ, ಒಳಗ ವಿಷಗಾಳಿ ಅದ. ಜಿರಳಿ ಬದುಕದ ಜಾಗಾದಾಗ ಈ ಮನಷ್ಯಾ ಹ್ಯಾಂಗ ಬದುಕ್ತಾನ್ರಿ? ಇವನ್ನ ಇಳಸೂದ ಇದ್ರ ಮೊದಲ ನನ್ನ ಎತ್ತಿ ಒಗೀರಿ."

ಹಗ್ಗ ಕಟ್ಟುತ್ತಿದ್ದವನ ಕೈ ನಿಂತಿತ್ತು. ಚಾಚಾ ನನ್ನ ಕಡೆ ನೋಡಿದರು.

"ಬಾಯಾರ, ನೀವೂ ಹ್ಞೂಂ ಅಂದ್ರೇನ್ರಿ?"

ಸುಳ್ಳು ಹೇಳಬಹುದಿತ್ತು. ಕಾರ್ಯದರ್ಶಿಗಳ ಮೇಲೆ ಹಾಕಬಹುದಿತ್ತು. "ಅಂದೆ ಚಾಚಾ" ಎಂದೆ. ಅವರು ತಲೆ ತಗ್ಗಿಸಿದರು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆ ತಗ್ಗಿದ ತಲೆಯನ್ನು ನೋಡಲಾಗಲಿಲ್ಲ. ನಾನು ಹೋಗಿ ಅವರ ಪಕ್ಕದಲ್ಲಿ, ಮುಚ್ಚಳಕ್ಕೆ ತಾಗಿ ನಿಂತೆ. "ಸರ್, ಯಾರೂ ಇಳಿಯೂದು ಬ್ಯಾಡ್ರಿ. ನಾಳೆ ಬರೋರಿಗೆ ಏನ್ ಹೇಳಬೇಕೋ ನಾನ ಹೇಳ್ತೀನಿ. ನನ್ನ ತೆಗೀಬೇಕು ಅಂದ್ರ ತೆಗೀರಿ."

ಕಾರ್ಯದರ್ಶಿಗಳು ಗುತ್ತೇದಾರನೊಂದಿಗೆ ಬಿರಬಿರನೆ ಹೊರಟುಹೋದರು. ಕೂಲಿಯವರಿಬ್ಬರು ಮಾತ್ರ ಹೋಗಲಿಲ್ಲ. ಹೋಗುವುದೋ ಇರುವುದೋ ತಿಳಿಯದೆ ನಿಂತಿದ್ದವರಿಗೆ ಚಾಚಾ, "ಅಂಗಿ ಹಾಕ್ಕೋಳಪ್ಪ, ಚಳಿ ಅದ. ಇಬ್ಬರೂ ಬರ್ರಿ, ಕೆಲಸ ಅದ" ಎಂದರು.

ಆ ದಿನ ನಡೆದದ್ದು ಇಡೀ ಹಾಸ್ಟೆಲ್ಲಿನ ಕೆಲಸ. ಸಾಲಿನ ಎಲ್ಲ ಮುಚ್ಚಳಗಳನ್ನು ತೆರೆದು, ಯಾರನ್ನೂ ಹತ್ತಿರ ಬಿಡದೆ ಗಾಳಿಯಾಡಲು ಬಿಟ್ಟರು. ಆಮೇಲೆ ಗಟಾರದ ಬಳಿಯ ಕೊನೆಯ ಚೇಂಬರಿಗೆ ಹೋದರು. ನೆಲ ಅಲ್ಲಿ ತಗ್ಗಾದ್ದರಿಂದ ಅದು ಮೊಣಕೈ ಆಳದ್ದು, ಹೊರಗೆ ಕುಳಿತೇ ಕೈಯಾಡಿಸಬಹುದು. ಬಿದಿರಿನ ಪಟ್ಟಿಗೆ ಕೈತೋಟದ ರಬ್ಬರ್ ಪೈಪನ್ನು ಕಟ್ಟಿ ಕೆಳಗಿನಿಂದ ಒಳಕ್ಕೆ ತೂರಿದರು. ಪೈಪಿನ ಇನ್ನೊಂದು ತುದಿಯನ್ನು ಮಹಡಿಗೆ ಎಳೆದು ಲಾಳಿಕೆ ಇಟ್ಟೆವು. ಮೌಶಿ ನೀರು ಕಾಯಿಸಿದಳು. ಕುದಿಸಲಿಲ್ಲ, ಕೈ ತಾಳುವಷ್ಟೇ ಬಿಸಿ, ಅದರಲ್ಲಿ ಬಟ್ಟೆ ಸೋಡಾ. ಹುಡುಗಿಯರು ಅಡುಗೆಮನೆಯಿಂದ ಮಹಡಿಯವರೆಗೆ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸಿದರು. ಬಿಸಿನೀರು ಜಿಡ್ಡಿಗೆ ಬಡಿದು ಅದು ಮೆತ್ತಗಾದಂತೆ ಕೂಲಿಯವರಿಬ್ಬರೂ ಬಿದಿರನ್ನು ತಿರುವಿ ನೂಕಿದರು. ಗೇಣು ಗೇಣಾಗಿ ಒಳಗೆ ಹೋಯಿತು. ಊಟದ ಹೊತ್ತು ಮೀರಿತು, ಯಾರೂ ಉಣ್ಣಲಿಲ್ಲ.

ಇಳಿಹೊತ್ತಿಗೆ ಚಾಚಾ ಒಮ್ಮೆಲೆ ಕೈಯೆತ್ತಿ, "ಸರೀರಿ! ಸರೀರಿ!" ಎಂದು ಕೂಗಿದರು. ನೆಲದಡಿಯಿಂದ ಗುಡುಗಿನಂಥ ಸದ್ದು ಬಂತು. ಕುಂಬಳಕಾಯಿ ಗಾತ್ರದ ಬಿಳಿ ಗಡ್ಡೆಯೊಂದು ನೀರಿನ ಹೊಡೆತಕ್ಕೆ ಹೊರಬಿತ್ತು. ಅದರ ಹಿಂದೆಯೇ ಕಟ್ಟಿ ನಿಂತಿದ್ದ ನೀರೆಲ್ಲ ಹರಿಯಿತು. ಮಹಡಿಯ ತುಂಬ ಹುಡುಗಿಯರ ಕೇಕೆ. ಮೌಶಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಛೀ, ಏನ್ ನಾತ" ಎಂದಳು.

ಎಲ್ಲ ತೊಳೆದು ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತು ನಾನು ಕ್ಷಮೆ ಕೇಳಿದೆ. ಅವರು ಹಿಂದೊಮ್ಮೆ ನಡೆದದ್ದನ್ನು ಹೇಳಿದರು. ವಯಸ್ಸಿನಲ್ಲಿದ್ದಾಗ ಅವರೂ ಚೇಂಬರಿಗೆ ಇಳಿಯುತ್ತಿದ್ದರು. ಹೆಂಡತಿಯ ತಮ್ಮ ಅವರ ಜೋಡಿ ಕೆಲಸಕ್ಕೆ ಬರುತ್ತಿದ್ದ. ಒಂದು ದಿನ ಪರವೂರಿನಲ್ಲಿ ಇವರಿಗೆ ಜ್ವರ. ಅವನು ಇಳಿದ.

"ಹಗ್ಗ ನನ್ನ ಕೈಯಾಗ ಇತ್ರಿ. ಜಗ್ಗಿದೆ. ಎಷ್ಟ್ ಜಗ್ಗಿದ್ರೂ ಮೈ ಭಾರ ಆಗಿತ್ತು. ಮ್ಯಾಲ ತರೋದ್ರಾಗ ಎಲ್ಲಾ ಮುಗದಿತ್ತು." ಅಂಗೈಗಳನ್ನು ಪೈಜಾಮಕ್ಕೆ ಒರೆಸಿಕೊಂಡರು. "ನನ್ನ ಹೆಂಡ್ತಿ ಇವತ್ತಿಗೂ ಒಂದ್ ಮಾತು ಅಂದಿಲ್ಲ. ಅಂದಿದ್ರ ಚಲೋ ಇತ್ತು ಬಾಯಾರ."

ಸಂಜೆಯ ಗಾಡಿಗೆ ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟುಬಂದೆ.

ಮರುದಿನ ದಾನಿಗಳು ಬಂದರು. ಹಿತ್ತಲಿನ ಕಡೆ ತಲೆಯನ್ನೂ ಹಾಕಲಿಲ್ಲ. ಚಹಾ ಕುಡಿದು, ಫೋಟೋ ತೆಗೆಸಿಕೊಂಡು ಹೋದರು. ಕೋಣೆಗಳು ಒಂದು ವರ್ಷ ತಡವಾಗಿ ಬಂದವು. ಕಾರ್ಯದರ್ಶಿಗಳು ನನ್ನನ್ನು ತೆಗೆಯಲಿಲ್ಲ, ಆದರೆ ಮಾತು ಬಿಟ್ಟರು. ಆರು ತಿಂಗಳ ಮೇಲೆ ತಾವಾಗಿಯೇ ಬಂದು, ಹೊಲಸು ಎಳೆಯುವ ಯಂತ್ರದ ಗಾಡಿಯವರ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ ಹೋದರು.

ಚಾಚಾ ಮತ್ತೂ ನಾಲ್ಕು ಚಳಿಗಾಲ ಬಂದರು. ಕೊನೆಯ ಸಲ ಮಂಡಿ ಮಡಚಲಾಗದೆ ಕುರ್ಚಿಯಲ್ಲಿ ಕುಳಿತೇ ಹೇಳಿಕೊಟ್ಟರು, ನಾನು ಮತ್ತು ಮೌಶಿ ಮಾಡಿದೆವು. "ಬಾಯಾರ್ದು ಕೈ ಚಲೋ ಅದ, ನೌಕರಿ ಬಿಟ್ರೂ ಹೊಟ್ಟಿಗಿ ಚಿಂತಿಲ್ಲ" ಎಂದು ಮೌಶಿಗೆ ಹೇಳಿ ನಗಿಸಿದರು.

ಹೋದ ವರ್ಷ ಮಾಗಿಯಲ್ಲಿ ಅವರು ತೀರಿಕೊಂಡರು. ನಸುಕಿನ ನಮಾಜು ಮುಗಿಸಿ ಮಲಗಿದವರು ಏಳಲಿಲ್ಲವಂತೆ. ಸುದ್ದಿ ತಿಳಿದು ಮೌಶಿಯೊಂದಿಗೆ ವಾಡಿಗೆ ಹೋದೆ. ಸಿಮೆಂಟಿನ ಬೂದು ಧೂಳು ಕೂತ ಗಿಡಗಳ ಓಣಿಯಲ್ಲಿ ಎರಡು ಕೋಣೆಯ ಮನೆ. ಅವರ ಹೆಂಡತಿ ಚಾಚಿಯನ್ನು ಮೊದಲ ಸಲ ನೋಡಿದೆ. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಪೀಠಿಕೆಯೂ ಇಲ್ಲದೆ ಹೇಳತೊಡಗಿದರು.

"ನಿಮ್ಮ ಹಾಸ್ಟೆಲ್ಲಿಂದ ಆ ದಿನ ಸಂಜಿ ಬಂದು ಕುಂತ್ರು. ಇವತ್ತ ಒಬ್ಬನ್ನ ಇಳೀಲಿಕ್ಕೆ ಬಿಡಲಿಲ್ಲ ಅಂದ್ರು. ನನ್ನ ತಮ್ಮನ ವಿಷಯ ನಾವಿಬ್ಬರೂ ಎಂದೂ ಬಾಯಿ ಬಿಟ್ಟು ಆಡಿರಲಿಲ್ರಿ. ಅವತ್ತ ನಾ ಅಂದೆ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ, ಅವತ್ತೂ ಇರಲಿಲ್ಲ, ಹೇಳಲಿಕ್ಕೆ ನಾಲಿಗಿ ಬರಲಿಲ್ಲ ಅಷ್ಟ. ಅಂದಮ್ಯಾಲ ಕೂಸಿನಂಗ ಅತ್ರು ಬಾಯಾರ. ಆಮ್ಯಾಲ ಚಂದಾಗಿ ಉಂಡು ಮಲಗಿದ್ರು."

ನಾನು ಅವರ ಹಿಡಿತದಿಂದ ಕೈ ಬಿಡಿಸಿಕೊಳ್ಳದೆ ಕುಳಿತೇ ಇದ್ದೆ. ನನ್ನ ಜೀವನದ ಅತಿ ಕೆಟ್ಟ ಮಾತು ಆಡಿದ್ದು ಅಂದೇ ಎಂದು ನಾನು ಹೊತ್ತುಕೊಂಡು ತಿರುಗುತ್ತಿದ್ದ ದಿನಕ್ಕೆ ಇಂಥದೊಂದು ಸಂಜೆಯೂ ಇತ್ತೆಂದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದಾಗ ಅಂಗಳದಲ್ಲಿ ಒಬ್ಬ ಮನುಷ್ಯ ಬಂದವರಿಗೆಲ್ಲ ನೀರು ಕೊಡುತ್ತಿದ್ದ. ಮನೆಯವರ ಪೈಕಿ ಇರಬೇಕೆಂದುಕೊಂಡೆ. ನನಗೆ ಲೋಟ ಕೊಟ್ಟು ಹೋಗದೆ ನಿಂತ.

"ಗುರ್ತ ಸಿಗಲಿಲ್ಲೇನ್ರಿ ಬಾಯಾರ? ಪೇರಲ ಗಿಡಕ್ಕ ಅಂಗಿ ಹಾಕಿ ನಿಂತಾಂವ ನಾನ. ಈಗ ಗುತ್ತೇದಾರನ ಕೆಲಸ ಬಿಟ್ಟೀನ್ರಿ. ಚಾಚಾನ ಬಿದಿರು ನನ್ನ ಕಡೆ ಅದ. ಚಳಿಗಾಲದಾಗ ಫೋನ್ ಮಾಡ್ರಿ, ಬರ್ತೀನಿ."

ಅವನ ಪಕ್ಕದಲ್ಲಿ ಏಳೆಂಟು ವರ್ಷದ ಅವನ ಮಗಳು ಅಂಗಿಯ ತುದಿ ಹಿಡಿದು ನಿಂತಿದ್ದಳು. ನಾನು ನೀರು ಕುಡಿದು ಲೋಟ ಕೊಟ್ಟೆ. ಆಮೇಲೆ ಅವನ ಹೆಸರು ಕೇಳಿದೆ. ಅವನನ್ನು ಚೇಂಬರಿಗೆ ಇಳಿಸಿರೆಂದು ನಾನು ಹೇಳಿದ ದಿನ ಅದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.